ಕಂಪ್ಲೀಷನ್ ರಿಪೋರ್ಟಿನಲ್ಲಿ ಸಹಿ ಇದೆ, ರೀಡಿಂಗ್ ಎಲ್ಲಿ?

ಮಾನ್ಯರೇ,

ಹಳೆಯ ಮನೆಗಳಲ್ಲಿ ಕಿಟ್‌ಕ್ಯಾಟ್ ಫ್ಯೂಸಿನ ಬೋರ್ಡ್ ತೆಗೆದು ಎಂಸಿಬಿ (ಲೋಡ್ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಡಿಬಿ, ಅಂದರೆ ಡಿಸ್ಟ್ರಿಬ್ಯೂಷನ್ ಬೋರ್ಡ್ ಕೂರಿಸುವ ಕೆಲಸ ಈಗ ಎಲ್ಲ ಊರುಗಳಲ್ಲೂ ನಡೆಯುತ್ತಿದೆ. ಗೀಸರ್, ಎಸಿ ಬಂದ ಮನೆಗಳಲ್ಲಿ ಆಗಲೇಬೇಕಾದ ಕೆಲಸ. ಆದರೆ ಮುಗಿದ ಮೇಲೆ ಮನೆಯವರ ಕೈಗೆ ಸಾಮಾನ್ಯವಾಗಿ ಒಂದು ಚೀಟಿಯೂ ಸಿಗುವುದಿಲ್ಲ. ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಿದವರ ಕಡತದಲ್ಲಿ, ಕೆಲಸ ಮುಗಿದಿದೆ ಎಂದು ಗುತ್ತಿಗೆದಾರರು ಕೊಡುವ ಕಂಪ್ಲೀಷನ್ ರಿಪೋರ್ಟ್ ಇರುತ್ತದೆ. ಅದರಲ್ಲೂ ಗುತ್ತಿಗೆದಾರರ ಸಹಿ, ಮೊಹರು ಕಾಣುತ್ತವೆಯೇ ಹೊರತು ಮೀಟರ್ ಹಿಡಿದು ಅಳೆದ ಅಂಕಿ ಕಾಣುವುದು ಅಪರೂಪ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು (ಈಗಿರುವುದು 2023ರವು) ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಸುಟ್ಟ ಫ್ಯೂಸ್, ಬಲ್ಬ್, ಸ್ವಿಚ್ ಬದಲಿಸುವುದಕ್ಕೆ ವಿನಾಯಿತಿ ಇದೆ. ಇಡೀ ಬೋರ್ಡನ್ನೇ ಬದಲಿಸುವುದು ಆ ಸಾಲಿಗೆ ಸೇರದು. ಅದನ್ನು ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರರೇ, ಅರ್ಹತಾ ಪತ್ರ ಇರುವ ಸೂಪರ್‌ವೈಸರ್ ಎದುರಿಗಿದ್ದು, ಪರ್ಮಿಟ್ ಇರುವ ವೈರ್‌ಮನ್ ಕೈಯಲ್ಲಿ ಮಾಡಿಸಬೇಕು. ಕರ್ನಾಟಕದಲ್ಲಿ ಈ ಲೈಸೆನ್ಸ್, ಪರ್ಮಿಟ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಹೊಸ ಸಂಪರ್ಕಕ್ಕೋ ಹೆಚ್ಚುವರಿ ಲೋಡ್‌ಗೋ ಅರ್ಜಿ ಬಂದಾಗ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ತಾನೇ ವೈರಿಂಗ್ ಪರೀಕ್ಷಿಸಬೇಕು, ಇಲ್ಲವೇ ಗುತ್ತಿಗೆದಾರರು ಸಹಿ ಮಾಡಿದ ಪರೀಕ್ಷಾ ಫಲಿತಾಂಶವನ್ನು ಒಪ್ಪಿಕೊಳ್ಳಬೇಕು. ಹಾಗಾಗಿ ಅಳೆಯದೆ ಸಹಿ ಹಾಕಿದರೆ ಆ ಮನೆಯ ವೈರಿಂಗನ್ನು ಯಾರೂ ನೋಡಿಲ್ಲ ಎಂದೇ ಅರ್ಥ.

ಅಳೆಯುವುದು ಏನನ್ನು? ಮೊದಲು ಇನ್ಸುಲೇಷನ್, ಅಂದರೆ ವೈರಿನ ಹೊದಿಕೆ ಕರೆಂಟ್ ಸೋರದಂತೆ ತಡೆಯುತ್ತಿದೆಯೇ ಎಂಬುದು. ಮೇನ್ ಆಫ್ ಮಾಡಿ, ಟಿವಿ, ಫ್ರಿಜ್, ಎಲ್‌ಇಡಿ ಬಲ್ಬ್, ಯುಪಿಎಸ್ ಎಲ್ಲವನ್ನೂ ಬಿಡಿಸಿ, ಸ್ವಿಚ್‌ಗಳನ್ನು ಆನ್ ಇಟ್ಟು, 500 ವೋಲ್ಟ್ ಡಿಸಿ ಮೆಗ್ಗರಿನಿಂದ (ಇನ್ಸುಲೇಷನ್ ಅಳೆಯುವ ಮೀಟರ್) ಒಂದು ನಿಮಿಷ ನೋಡಬೇಕು. ಫೇಸ್, ನ್ಯೂಟ್ರಲ್ ಎರಡಕ್ಕೂ ಅರ್ಥ್ ನಡುವೆ ಕನಿಷ್ಠ 1 ಮೆಗಾ ಓಮ್ ಬರಬೇಕು. ಮಳೆಗಾಲದಲ್ಲಿ ನೀರು ಜಿನುಗಿದ ಗೋಡೆಯ ಪೈಪುಗಳು ಸಿಕ್ಕಿಬೀಳುವುದು ಇಲ್ಲೇ. ಎರಡನೆಯದು ಅರ್ಥಿಂಗ್ ರೋಧ, ಅಂದರೆ ಕರೆಂಟ್ ನೆಲಕ್ಕಿಳಿಯುವ ದಾರಿಯಲ್ಲಿರುವ ತಡೆ; ಇದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಮೂರನೆಯದು ಆರ್‌ಸಿಸಿಬಿ: 30 ಮಿಲಿ ಆಂಪಿಯರಿನದು 15 ಮಿಲಿ ಆಂಪಿಯರ್ ಸೋರಿಕೆಗೆ ಬೀಳಬಾರದು (ಟ್ರಿಪ್ ಆಗಬಾರದು), 30ಕ್ಕೆ 300 ಮಿಲಿ ಸೆಕೆಂಡಿನೊಳಗೆ, 150ಕ್ಕೆ 40 ಮಿಲಿ ಸೆಕೆಂಡಿನೊಳಗೆ ಬೀಳಬೇಕು. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಒತ್ತಿ ತೋರಿಸಿದರೆ ಇದು ಆದಂತಲ್ಲ. ಆ ಬಟನ್ ಒಳಗಿನ ಯಂತ್ರ ಓಡುತ್ತದೆಯೇ ಎಂದಷ್ಟೇ ಹೇಳುತ್ತದೆ; ಮನೆಗೆ ಅರ್ಥಿಂಗೇ ಇಲ್ಲದಿದ್ದರೂ ಟಪ್ಪೆಂದು ಬೀಳುತ್ತದೆ.

"ಎಂಸಿಬಿ ಇದೆಯಲ್ಲ, ಸಾಕು" ಎನ್ನುವವರು ಈ ಲೆಕ್ಕ ಮಾಡಿ ನೋಡಲಿ. ಅರ್ಥಿಂಗ್ 10 ಓಮ್ ಇರುವ ಮನೆಯಲ್ಲಿ ಗೀಸರ್ ಕಾಯಿಲ್ ಒಡೆದು ಫೇಸ್ ಬಾಡಿಗೆ ತಗುಲಿದರೆ ಹರಿಯುವ ಕರೆಂಟ್ 230 ಭಾಗಿಸು 10, ಅಂದರೆ 23 ಆಂಪಿಯರ್. 16 ಆಂಪಿಯರಿನ ಎಂಸಿಬಿ ಅಷ್ಟಕ್ಕೆ ಒಂದು ಗಂಟೆಯವರೆಗೂ ಬೀಳದೆ ಇರಬಹುದು. ಅಷ್ಟು ಹೊತ್ತೂ ಗೀಸರಿನ ಬಾಡಿಯಲ್ಲಿ, ನಲ್ಲಿಯಲ್ಲಿ ಕರೆಂಟ್ ಇರುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದಿರುತ್ತದೆ. ಹಾಗೆಂದು ಆರ್‌ಸಿಸಿಬಿ ಒಂದೇ ಸಾಲದು. ಓವರ್‌ಲೋಡಿಗೆ ಅದು ಬೀಳುವುದಿಲ್ಲ, ಎಂಸಿಬಿಯೂ ಬೇಕು.

ಇನ್ನು ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕಾಡುವ ತೊಂದರೆ ಯುಪಿಎಸ್ ನ್ಯೂಟ್ರಲ್. ಆರ್‌ಸಿಸಿಬಿ ಮೂಲಕ ಹೋದ ಕರೆಂಟ್ ಅದೇ ಆರ್‌ಸಿಸಿಬಿಯ ನ್ಯೂಟ್ರಲಿನಲ್ಲೇ ವಾಪಸಾಗಬೇಕು. ಯುಪಿಎಸ್ ಲೈನಿನ ನ್ಯೂಟ್ರಲನ್ನು ಯಾವುದೋ ಸ್ವಿಚ್ ಬಾಕ್ಸಿನೊಳಗೆ ಮಾಮೂಲಿ ನ್ಯೂಟ್ರಲಿಗೆ ತಿರುಚಿ ಟೇಪ್ ಸುತ್ತಿದ್ದರೆ ಲೆಕ್ಕ ತಪ್ಪಿ, ಫ್ಯಾನ್ ಹಾಕಿದೊಡನೆ ಟ್ರಿಪ್ ಆಗುತ್ತದೆ. ಹಳೆಯ ಫ್ಯೂಸ್ ಬೋರ್ಡ್ ಇದನ್ನು ವರ್ಷಗಟ್ಟಲೆ ಮುಚ್ಚಿಟ್ಟಿರುತ್ತದೆ. ಸರಿಯಾದ ದಾರಿ ಎಂದರೆ ಒಂದೊಂದೇ ಸರ್ಕ್ಯೂಟ್ ಬಿಡಿಸಿ, ಆ ಜಾಯಿಂಟ್ ಹುಡುಕಿ, ನ್ಯೂಟ್ರಲ್ ಬೇರೆ ಮಾಡುವುದು. ಅರ್ಧ ದಿನ ಹಿಡಿಯಬಹುದು. ನಡೆಯುವುದು ಬೇರೆ: ಆರ್‌ಸಿಸಿಬಿಯ ಮೇಲಿಂದ ಕೆಳಕ್ಕೆ ವೈರ್ ಹಾಕಿ ಬೈಪಾಸ್ ಮಾಡುತ್ತಾರೆ, ಇಲ್ಲವೇ 100 ಮಿಲಿ ಆಂಪಿಯರಿನದನ್ನು ಕೂರಿಸುತ್ತಾರೆ. ಮನೆಗೆ ನಿಯಮ ಹೇಳುವ ಮಿತಿ 30. ಹೊರಗಿನಿಂದ ನೋಡಿದರೆ ಡಿಬಿ ಹೊಸದು, ಒಳಗೆ ಬೇಕಾದ ರಕ್ಷಣೆ ಇಲ್ಲ.

ಎಂಸಿಬಿ ಪದೇ ಪದೇ ಬೀಳುತ್ತದೆಂದು 1.5 ಚದರ ಮಿಮೀ ವೈರಿಗೆ 32 ಆಂಪಿಯರ್ ಹಾಕುವುದೂ ಇಂಥದ್ದೇ. ಲೈಟಿನ 1.5ಕ್ಕೆ 10, ಪ್ಲಗ್ಗಿನ 2.5ಕ್ಕೆ 16 ದಾಟಬಾರದು; ತೀರಾ ದಾಟಿದರೆ ಎಂಸಿಬಿ ಬೀಳುವ ಮೊದಲು ವೈರೇ ಸುಡಬಹುದು. ಹಳೆ ಬೋರ್ಡಿನಲ್ಲಿ ನ್ಯೂಟ್ರಲಿಗೂ ಫ್ಯೂಸ್ ಇದ್ದರೆ ಅದನ್ನು ತೆಗೆದು ಲಿಂಕ್ (ಫ್ಯೂಸ್ ಇಲ್ಲದ ನೇರ ಜೋಡಣೆ) ಹಾಕಬೇಕು. ನ್ಯೂಟ್ರಲ್ ಫ್ಯೂಸ್ ಮಾತ್ರ ಹೋದಾಗ ದೀಪ ಆರಿರುತ್ತದೆ, ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಮನೆಯವರಲ್ಲಿ ವಿನಂತಿ: ಹಣ ಕೊಡುವ ಮೊದಲು ಲೈಸೆನ್ಸ್ ಸಂಖ್ಯೆ, ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ), ದಿನಾಂಕ ಇರುವ ಹಾಳೆ ಕೇಳಿ ಪಡೆಯಿರಿ. ಪ್ರತಿ ಸರ್ಕ್ಯೂಟಿನ ಹೆಸರು, ವೈರಿನ ಗಾತ್ರ, ಎಂಸಿಬಿ ರೇಟಿಂಗ್, ಮೆಗ್ಗರ್ ರೀಡಿಂಗ್, ಅರ್ಥಿಂಗ್ ಓಮ್, ಆರ್‌ಸಿಸಿಬಿ ಬಿದ್ದ ಸಮಯ ಅದರಲ್ಲಿರಲಿ. ಮೀಟರಿನ ಸೀಲ್ ಮುಟ್ಟಲು ಯಾರಿಗೂ ಬಿಡಬೇಡಿ. ಸಪ್ಲೈ ಕಡಿತಕ್ಕೆ ಶಾಖಾ ಕಚೇರಿಗೆ ಅರ್ಜಿ ಕೊಡಿ. ಎಸ್ಕಾಂಗಳು ರೀಡಿಂಗ್ ಕಾಲಂ ಖಾಲಿ ಇರುವ ಕಂಪ್ಲೀಷನ್ ರಿಪೋರ್ಟನ್ನು ಕೌಂಟರಿನಲ್ಲೇ ವಾಪಸ್ ಕೊಡಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು.

– ಲೈಸೆನ್ಸ್ ಹೊಂದಿರುವ ವಿದ್ಯುತ್ ಗುತ್ತಿಗೆದಾರ, ದಾವಣಗೆರೆ