1975–76ರ ಕನ್ನಡ ಟೀವಿ ಎಲ್ಲಿದೆ? ವಾರ್ತಾ ಮತ್ತು ಪ್ರಸಾರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವರಿಗೆ,

ನಮಸ್ಕಾರಗಳು.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿ ಶಾಲೆಗಳಲ್ಲಿ ಕನ್ನಡ ಟೀವಿ ಮಾತಾಡುತ್ತಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ. ಸೈಟ್ ಎಂದು ಕರೆಸಿಕೊಂಡ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದ ವರ್ಷ ಅದು. ಆ ಪ್ರಯೋಗ ಶುರುವಾಗಿ 2025ರ ಆಗಸ್ಟ್ 1ಕ್ಕೆ ಐವತ್ತು ವರ್ಷ ತುಂಬಿತು. ನಮ್ಮ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇವೆ: ಆ ವರ್ಷ ಕನ್ನಡದಲ್ಲಿ ತಯಾರಾದ ಕಾರ್ಯಕ್ರಮಗಳಲ್ಲಿ ಯಾವುದು ಉಳಿದಿದೆ, ಯಾವುದು ಉಳಿದಿಲ್ಲ ಎಂಬ ಪಟ್ಟಿಯನ್ನು ಜನರ ಮುಂದಿಡಿ. ಹಣ ಆಮೇಲೆ, ಸಮಾರಂಭ ಆಮೇಲೆ. ಮೊದಲು ಪಟ್ಟಿ ಕೊಡಿ.

ಹಳೆಯ ಟೇಪು, ರೀಲುಗಳ ಕೆಲಸ ಬಲ್ಲವರು ಸೇರಿ ಬರೆಯುತ್ತಿರುವ ಪತ್ರವಿದು. ಬರೀ ಹಳೆಯ ನೆನಪಿನ ಮೋಹಕ್ಕೆ ಬರೆದದ್ದಲ್ಲ. ಇನ್ನು ಕೆಲವೇ ವರ್ಷ ತಡವಾದರೆ ಪಟ್ಟಿ ಮಾಡಲೂ ಏನೂ ಉಳಿಯುವುದಿಲ್ಲ ಎಂಬುದು ನಮಗೆ ಕಾಣುತ್ತಿದೆ, ಅದಕ್ಕೆ ಬರೆಯುತ್ತಿದ್ದೇವೆ.

ಆ ವರ್ಷ ನಡೆದದ್ದು ಸಣ್ಣ ಕೆಲಸವಲ್ಲ. 1969ರ ಸೆಪ್ಟೆಂಬರ್‌ನಲ್ಲಿ ಭಾರತದ ಪರಮಾಣು ಶಕ್ತಿ ಇಲಾಖೆಗೂ ನಾಸಾಕ್ಕೂ ಒಪ್ಪಂದವಾಯಿತು. ಅದರ ಹಿಂದಿದ್ದ ವಿಕ್ರಮ್ ಸಾರಾಭಾಯ್ 1971ರಲ್ಲಿ ತೀರಿಕೊಂಡರು, ಪ್ರಸಾರ ನೋಡುವ ಭಾಗ್ಯ ಅವರಿಗೆ ಇರಲಿಲ್ಲ. ನಾಸಾದ ಎಟಿಎಸ್-6 ಉಪಗ್ರಹವನ್ನು ಪೂರ್ವ ಆಫ್ರಿಕಾದ ನೆತ್ತಿಯ ಮೇಲಕ್ಕೆ ತಂದು ನಿಲ್ಲಿಸಿದರು. ಅದರ ಒಂಬತ್ತು ಮೀಟರ್ ಅಗಲದ ಛತ್ರಿಯಂಥ ಆಂಟೆನಾ 860 ಮೆಗಾಹರ್ಟ್ಸ್‌ನಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳತ್ತ ಸಂಕೇತ ಕಳಿಸಿತು. ನೆಲದ ಮೇಲೆ ಅದನ್ನು ಹಿಡಿಯಲು ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯ ಮೂರು ಮೀಟರ್ ಆಂಟೆನಾ, ಸಂಕೇತ ಬದಲಿಸುವ ಒಂದು ಪೆಟ್ಟಿಗೆ, ಹೈದರಾಬಾದಿನ ಸರ್ಕಾರಿ ಕಂಪನಿ ಇಸಿಐಎಲ್ ಮಾಡಿಕೊಟ್ಟ ಕಪ್ಪು-ಬಿಳುಪು ಸೆಟ್ಟು. ಕರೆಂಟಿಲ್ಲದ ಕೆಲವು ಊರುಗಳಿಗೆ ಬ್ಯಾಟರಿ ಸೆಟ್ಟು ಹೋದವು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿಗೆಲ್ಲ, ಒಟ್ಟು ನಾಲ್ಕು ಗಂಟೆ ಪ್ರಸಾರ. ಬೇಸಾಯ, ದನಕರು, ಆರೋಗ್ಯ, ಕುಟುಂಬ ಯೋಜನೆ, ಜನಪದ ಕಲೆ. ಆ ಹನ್ನೆರಡು ತಿಂಗಳೂ ತುರ್ತು ಪರಿಸ್ಥಿತಿಯ ಒಳಗೇ ಇದ್ದವು. ಆಗ ಸರ್ಕಾರ ಹಳ್ಳಿಗೆ ಕನ್ನಡದಲ್ಲಿ ಏನು ಹೇಳಿತು, ಯಾವ ದನಿಯಲ್ಲಿ ಹೇಳಿತು ಎಂದು ತಿಳಿಯಬೇಕಾದರೆ ಆ ಟೇಪುಗಳಷ್ಟು ನೇರವಾದ ಸಾಕ್ಷಿ ಬೇರೆ ಇಲ್ಲ.

ತೊಡಕು ಎಲ್ಲಿ ಎಂಬುದು ತಮಗೆ ಗೊತ್ತಿರುವುದೇ. ಪ್ರಯೋಗ ಶುರುವಾದಾಗ ಟೀವಿ ಆಕಾಶವಾಣಿಯ ಒಂದು ಅಂಗವಾಗಿತ್ತು. 1976ರ ಏಪ್ರಿಲ್ 1ರಂದು, ಪ್ರಯೋಗ ನಡೆಯುತ್ತಿರುವಾಗಲೇ, ದೂರದರ್ಶನ ಬೇರೆಯಾಯಿತು. ಕನ್ನಡ ಕಾರ್ಯಕ್ರಮಗಳು ತಯಾರಾದದ್ದು ಹೈದರಾಬಾದಿನಲ್ಲಿ. ಮಕ್ಕಳ ವಿಜ್ಞಾನದ ಕಾರ್ಯಕ್ರಮಗಳನ್ನು ಇಸ್ರೊ ಮುಂಬೈಯಲ್ಲಿ ಮಾಡಿತು. ಸಂಕೇತ ಮೇಲಕ್ಕೆ ಹೋದದ್ದು ಅಹಮದಾಬಾದ್ ಮತ್ತು ದೆಹಲಿಯಿಂದ. ಶಾಲೆ, ಶಿಕ್ಷಕರು ರಾಜ್ಯ ಸರ್ಕಾರದವರು. 1997ರಲ್ಲಿ ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿ ಬಂದಾಗ ಕಡತಗಳು ಮತ್ತೊಮ್ಮೆ ಮನೆ ಬದಲಿಸಿದವು. ಹೀಗಾಗಿ ಯಾರನ್ನು ಕೇಳಿದರೂ ಇನ್ನೊಬ್ಬರತ್ತ ಕೈ ತೋರಿಸಲು ಅನುಕೂಲವಾಗಿದೆ. ಒಂದು ಕಚೇರಿಗೆ ಹೋದ ಮಾಹಿತಿ ಹಕ್ಕಿನ ಅರ್ಜಿಗೆ "ಈ ವಿಷಯ ನಮ್ಮ ಕಚೇರಿಗೆ ಸಂಬಂಧಿಸಿರುವುದಿಲ್ಲ" ಎಂಬ ಒಂದೇ ಸಾಲಿನ ಉತ್ತರ ಬಂತು. ಯಾವ ಕಚೇರಿ ಎಂದು ಇಲ್ಲಿ ಹೆಸರಿಸುವುದಿಲ್ಲ. ತನ್ನದಲ್ಲದ ಅರ್ಜಿಯನ್ನು ಐದು ದಿನದೊಳಗೆ ಸಂಬಂಧಪಟ್ಟವರಿಗೆ ವರ್ಗಾಯಿಸಬೇಕು ಎಂದು ಮಾಹಿತಿ ಹಕ್ಕು ಕಾಯ್ದೆಯ 6(3)ನೇ ಕಲಮು ಹೇಳುತ್ತದೆ. ವರ್ಗಾಯಿಸಲಿಲ್ಲ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಪ್ರಕಾರ ನಿಯಮ ಬಿಟ್ಟು ಸರ್ಕಾರಿ ದಾಖಲೆಯನ್ನು ನಾಶ ಮಾಡುವಂತಿಲ್ಲ, ಮಾಡಿದರೆ ಐದು ವರ್ಷದವರೆಗೆ ಸೆರೆವಾಸವಿದೆ. ಕಾಯ್ದೆ ಇಷ್ಟು ಬಿಗಿಯಾಗಿರುವಾಗ ಒಂದು ಪಟ್ಟಿ ಕೇಳಿದವರು ಬಾಗಿಲಿಂದ ಬಾಗಿಲಿಗೆ ಅಲೆಯಬೇಕೇ? ಇಷ್ಟೂ ಮನೆಗಳ ಕಡತವನ್ನು ಒಂದು ಮೇಜಿಗೆ ತರಿಸಲು ತಾವು ಮುಂದಾಗಬೇಕು. ಅದಕ್ಕೇ ತಮಗೆ ಬರೆಯುತ್ತಿದ್ದೇವೆ.

ಟೇಪು ಅಳಿಸಿ ಹೋಗಿದೆ ಎಂದು ಒಪ್ಪಿಕೊಳ್ಳಲು ಸಂಕೋಚವಿದ್ದರೆ, ನಮಗೆ ಉಪಗ್ರಹ ಕೊಟ್ಟ ಅದೇ ನಾಸಾವನ್ನು ನೋಡಿ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಅಲ್ಲಿಂದ ಬಂದ ಮೂಲ ಚಿತ್ರ ಸಂಕೇತ ದಾಖಲಾಗಿದ್ದ ಟೇಪುಗಳಿಗಾಗಿ ಅವರು ವರ್ಷಗಟ್ಟಲೆ ಹುಡುಕಿದರು. ಟೇಪಿನ ಕೊರತೆ ಇದ್ದ ಕಾಲದಲ್ಲಿ ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿದ್ದಾರೆ ಎಂಬ ತೀರ್ಮಾನಕ್ಕೆ ಬಂದು 2009ರಲ್ಲಿ ಜಗತ್ತಿನ ಮುಂದೆ ತಾವೇ ಹೇಳಿದರು. ಹೇಳಿ ಸುಮ್ಮನಾಗಲಿಲ್ಲ. ಬೇರೆ ಬೇರೆ ಸಂಗ್ರಹಗಳಲ್ಲಿ ಉಳಿದಿದ್ದ ಪ್ರಸಾರದ ಪ್ರತಿಗಳನ್ನು ಹುಡುಕಿ, ಅವುಗಳಲ್ಲಿ ಒಳ್ಳೆಯದನ್ನು ಆರಿಸಿ ಸರಿಪಡಿಸಿದರು. ಹುಡುಕಿದ್ದರಿಂದ ಪ್ರತಿ ಸಿಕ್ಕಿತು. ಇಲ್ಲೂ ಹೈದರಾಬಾದಿನ ಬೀರುವಿನಲ್ಲಿ ಇಲ್ಲದ್ದು ಅಹಮದಾಬಾದಿನ ಕಪಾಟಿನಲ್ಲಿ ಇರಬಹುದು. ಪಟ್ಟಿ ಇಲ್ಲದೆ ಹುಡುಕುವುದು ಹೇಗೆ?

ಈಗ ಕೆಲಸದ ಮಾತು. ಅಧಿಕಾರಿಗಳು "ಮಾಡುವುದು ಹೇಗೆ" ಎಂದು ಕೇಳಿದರೆ ಈ ಭಾಗವನ್ನು ಅವರ ಕೈಗೆ ಕೊಡಿ.

ಮೊದಲನೆಯದು: ಸಿಕ್ಕ ಟೇಪನ್ನು ಯಾರೂ ಕುತೂಹಲಕ್ಕೆ ಮೆಷಿನ್ನಿಗೆ ಹಾಕಿ ಓಡಿಸಬಾರದು. ಹೆಚ್ಚು ಹಾಳಾಗುವುದು ಅಲ್ಲೇ. ಡಬ್ಬಿ ತೆರೆದು, ಚೀಟಿಯ ಎರಡೂ ಬದಿಯ ಫೋಟೋ ತೆಗೆದು, ಅಗಲ, ಉದ್ದ, ಕಂಪನಿಯ ಗುರುತು, ಕೈಬರಹದ ಸಂಖ್ಯೆ ಬರೆದುಕೊಂಡು ಮುಚ್ಚಿಡಬೇಕು. ಚೀಟಿಗಳ ಮೇಲೆ ಕಲಬುರಗಿ, ವಿಜಯಪುರ ಎಂದು ಹುಡುಕಿದರೆ ಏನೂ ಸಿಗದು, ಗುಲ್ಬರ್ಗಾ, ಬಿಜಾಪುರ ಎಂದೇ ಹುಡುಕಬೇಕು. ಇಂದಿನ ಕೊಪ್ಪಳ ಆಗ ರಾಯಚೂರಿನಲ್ಲಿತ್ತು, ಬಾಗಲಕೋಟೆ ಬಿಜಾಪುರದಲ್ಲಿ, ಯಾದಗಿರಿ ಗುಲ್ಬರ್ಗಾದಲ್ಲಿ.

ಅಗಲ ನೋಡಿದರೆ ಬಗೆ ಗೊತ್ತಾಗುತ್ತದೆ. ಆ ಕಾಲದ ಸ್ಟುಡಿಯೋಗಳಲ್ಲಿ ಎರಡು ಇಂಚಿನ, ಒಂದು ಇಂಚಿನ, ಅರ್ಧ ಇಂಚಿನ ಟೇಪುಗಳೆಲ್ಲ ಇದ್ದವು. ಅರ್ಧ ಇಂಚಿನದರಲ್ಲಿ ಒಂದು ಮೋಸವಿದೆ: ನೋಡಲು ಒಂದೇ ಥರ ಇದ್ದರೂ ಇಐಎಜೆ ಎಂಬ ಜಪಾನಿ ಮಾನದಂಡಕ್ಕಿಂತ ಮುಂಚಿನ ಟೇಪು ಇಐಎಜೆ ಮೆಷಿನ್ನಿನಲ್ಲಿ ಓಡುವುದಿಲ್ಲ. ಪರದೆಯ ಮೇಲೆ ಬರೀ ಗೆರೆ ಬರುತ್ತದೆ, "ಖಾಲಿ ಟೇಪು" ಎಂದು ಬರೆದು ಎಸೆದುಬಿಡುತ್ತಾರೆ.

ಐವತ್ತು ವರ್ಷದ ಟೇಪಿನಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಟ್ಟ ಅಂಟು ಗಾಳಿಯ ತೇವ ಹೀರಿ ಜಿಗುಟಾಗಿರಬಹುದು. ಓಡಿಸಿದರೆ ಕೀಚಲು ಸದ್ದು, ಟೇಪು ಓದುವ ಹೆಡ್ಡಿಗೆ ಕಂದು ಕೊಳೆ, ಆಮೇಲೆ ಚಿತ್ರವೇ ಕಿತ್ತು ಬರುತ್ತದೆ. ಅಂಥದ್ದನ್ನು ಫ್ಯಾನ್ ಇರುವ ಪ್ರಯೋಗಾಲಯದ ಓವನ್ನಿನಲ್ಲಿ ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ ಅಥವಾ ಹೆಚ್ಚು ಒಣಗಿಸಬೇಕು. ನಡುವೆ ಒಮ್ಮೆ ಮಗುಚಿ, ಅಷ್ಟೇ ಹೊತ್ತು ತಾನಾಗಿ ಆರಲು ಬಿಟ್ಟು, ಕೆಲವು ವಾರದೊಳಗೆ ನಕಲು ಮಾಡಿ ಮುಗಿಸಬೇಕು. ಮೈಕ್ರೋವೇವ್ ಕೂಡದು. ಅಸಿಟೇಟ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ ಪಟ್ಟಿಯ ಧ್ವನಿ ಟೇಪನ್ನು ಒಣಗಿಸಲೇ ಬಾರದು. ಬೆಳಕಿಗೆ ಹಿಡಿದಾಗ ಸುರುಳಿಯ ಮೂಲಕ ಬೆಳಕು ತೂರಿ ಬಂದರೆ ಅದು ಅಸಿಟೇಟ್. ಮೆಷಿನ್ನುಗಳದ್ದೂ ಇದೇ ಗತಿ: ಬೆಲ್ಟು ಕರಗಿ ಟಾರಿನಂತೆ ಆಗಿರುತ್ತದೆ, ಕೆಪಾಸಿಟರ್ ಒಣಗಿರುತ್ತದೆ, ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್ ಗಾಜಿನಂತೆ ಜಾರುತ್ತದೆ. ಅವನ್ನು ಬದಲಿಸಿ, ಬೇಡದ ಟೇಪಿನ ಮೇಲೆ ಪರೀಕ್ಷೆ ಮಾಡಿದ ಮೇಲೆ ಮಾತ್ರ ಮೂಲ ಟೇಪಿಗೆ ಕೈ ಹಾಕಬೇಕು.

ನಮಗೆ ಎಲ್ಲಕ್ಕಿಂತ ಹೆಚ್ಚು ಭಯ ಇರುವುದು 16 ಮಿಲಿಮೀಟರ್ ಫಿಲ್ಮಿನ ಬಗ್ಗೆ. ಟೀವಿಗಾಗಿ ಹೊರಗೆ ಚಿತ್ರೀಕರಿಸಿದ ಫಿಲ್ಮಿನಲ್ಲಿ ಚಿತ್ರ ಒಂದು ರೀಲು, ಧ್ವನಿ ಇನ್ನೊಂದು ರೀಲು ಇರುವುದು ಆಗಿನ ಸಾಮಾನ್ಯ ಪದ್ಧತಿ. ಧ್ವನಿಯ ರೀಲು ಕಂದು ಬಣ್ಣದ ಕಾಂತೀಯ ಪಟ್ಟಿ, ಅದರ ಮೇಲೆ ಚಿತ್ರವೇನೂ ಕಾಣದು. ಉಗ್ರಾಣ ಗುಡಿಸುವವರಿಗೆ ಅದು ಕಸ. ಮೇಲಾಗಿ ಆ ಪಟ್ಟಿಯಲ್ಲಿರುವ ಕಬ್ಬಿಣದ ಆಕ್ಸೈಡ್ ಅಸಿಟೇಟ್ ಕೊಳೆಯುವುದನ್ನು ಚುರುಕು ಮಾಡುತ್ತದೆ, ಹಾಗಾಗಿ ಚಿತ್ರಕ್ಕಿಂತ ಧ್ವನಿ ಮೊದಲು ಸಾಯುತ್ತದೆ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಆ ಕೊಳೆತ ಶುರುವಾಗಿದೆ ಎಂದರ್ಥ. ಸಚಿವರೇ, ಇಲ್ಲಿ ಸಾಯುವುದು ಯಾವುದು ಎಂದು ಯೋಚಿಸಿ. ಎತ್ತು, ಹೊಲ, ಬಾವಿ ಚಿತ್ರದಲ್ಲಿ ಉಳಿಯುತ್ತವೆ. ಕನ್ನಡ ಇರುವುದು ಧ್ವನಿಯ ರೀಲಿನಲ್ಲಿ. ಅದು ಹೋದರೆ ಉಳಿಯುವುದು ಮೂಕ ಜನ ತುಟಿ ಅಲ್ಲಾಡಿಸುವ ಚಿತ್ರ. ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿಯನ್ನು ಡಬ್ಬಿಯೊಳಗೆ ಒಂದು ದಿನ ಇಟ್ಟರೆ ಸಾಕು, ನೀಲಿ ಹಾಗೇ ಉಳಿದರೆ ಕ್ಷೇಮ, ಹಸಿರು ದಾಟಿ ಹಳದಿಗೆ ಹೋದರೆ ಆ ರೀಲು ಸರದಿಯಲ್ಲಿ ಮೊದಲು. ಹಾಳಾದದ್ದನ್ನು ಒಳ್ಳೆಯ ರೀಲುಗಳಿಂದ ಬೇರೆ ಇಡಬೇಕು, ಆ ಆವಿ ಪಕ್ಕದ ಡಬ್ಬಿಗೂ ತಾಗುತ್ತದೆ.

ನಕಲು ಮಾಡುವಾಗ ಎಟಿಎಸ್-6 ಒಂದು ಚಿತ್ರದ ಜತೆ ಎರಡು ಧ್ವನಿ ಒಯ್ಯಬಲ್ಲದಾಗಿತ್ತು ಎಂಬುದು ನೆನಪಿರಲಿ. ಟೇಪಿನಲ್ಲಿ ಎರಡು ಧ್ವನಿ ಜಾಡು ಇದ್ದರೆ ಅವನ್ನು ಬೆರೆಸಿ ಒಂದು ಮಾಡಬಾರದು, ಎರಡು ಭಾಷೆಗಳು ಒಂದರ ಮೇಲೊಂದು ಬಿದ್ದು ಎರಡೂ ಕೆಡುತ್ತವೆ. ಮೂಲಪ್ರತಿ ಚಿತ್ರದ ಗುಣ ನಷ್ಟವಾಗದ ಎಫ್ಎಫ್‌ವಿ1 ಎಂಬ ವಿಡಿಯೋ ಬಗೆಯಲ್ಲಿ ಇರಲಿ, ಧ್ವನಿ 48 ಕಿಲೋಹರ್ಟ್ಸ್, 24 ಬಿಟ್. ಎಂಪಿ4 ಜನ ನೋಡುವುದಕ್ಕೆ ಮಾತ್ರ. "ಚೆಂದ ಮಾಡುತ್ತೇವೆ" ಎಂದು ಮೂಲಪ್ರತಿಯ ಗೊರಗೊರ ಸದ್ದು ತೆಗೆಯುವುದು ಬೇಡ.

ಜಾಗ, ಖರ್ಚು ಎಂಬ ಮಾತು ಬರುತ್ತದೆಂದು ಲೆಕ್ಕವನ್ನೂ ಕೊಡುತ್ತೇವೆ. 1976 ಅಧಿಕ ವರ್ಷ, ಆದ್ದರಿಂದ ಒಟ್ಟು 366 ದಿನ. ಒಂದು ದಿನವೂ ಬಿಡದೆ ನಾಲ್ಕು ಗಂಟೆ ಎಂದುಕೊಂಡರೂ ಎಲ್ಲ ಭಾಷೆ ಸೇರಿ 1,464 ಗಂಟೆ ದಾಟುವುದಿಲ್ಲ. ಒಂದು ಗಂಟೆಯನ್ನು ಸ್ವಲ್ಪವೂ ಕುಗ್ಗಿಸದೆ ಇಟ್ಟರೆ ಸುಮಾರು 100 ಗಿಗಾಬೈಟ್. ಒಟ್ಟು 146 ಟೆರಾಬೈಟ್. ಕಂಪ್ಯೂಟರ್ ದತ್ತಾಂಶ ತುಂಬಿಡುವ, ತಲಾ 12 ಟೆರಾಬೈಟಿನ ಎಲ್‌ಟಿಒ-8 ಕ್ಯಾಸೆಟ್ಟು 13 ಬೇಕು. ಮೂರು ಪ್ರತಿ ಮಾಡಿ ಒಂದನ್ನು ಬೇರೆ ಊರಿನಲ್ಲಿಟ್ಟರೂ 39. ಅಂಗೈ ಅಗಲದ 39 ಕ್ಯಾಸೆಟ್ಟಿಗೆ ಒಂದು ಕಪಾಟು ಸಾಕು. ಕನ್ನಡದ ಪಾಲಂತೂ ಇದರಲ್ಲಿ ಒಂದು ಅಂಶ. ನಿಮ್ಮದೇ ಸಚಿವಾಲಯ ಸಿನಿಮಾ ಉಳಿಸಲು ರಾಷ್ಟ್ರೀಯ ಚಲನಚಿತ್ರ ಪರಂಪರೆ ಅಭಿಯಾನಕ್ಕೆ 597 ಕೋಟಿ ರೂಪಾಯಿಯ ಯೋಜನೆ ಹಾಕಿತು, ಒಳ್ಳೆಯ ಕೆಲಸ. ಹಳ್ಳಿಯ ಟೀವಿಗೂ ಆ ಗೌರವ ಸಲ್ಲಬೇಕು.

ಹಕ್ಕುಸ್ವಾಮ್ಯದ ನೆಪವೂ ನಿಲ್ಲುವುದಿಲ್ಲ. ಪ್ರಸಾರದ ಹಕ್ಕು 25 ವರ್ಷ, ಅದು 2001ರ ಕೊನೆಗೇ ಮುಗಿಯಿತು. ಸರ್ಕಾರವೇ ಮಾಡಿಸಿದ ಕಾರ್ಯಕ್ರಮಗಳ ಒಡೆಯ ಸಾಮಾನ್ಯವಾಗಿ ಸರ್ಕಾರವೇ.

ಅವಸರ ಏಕೆಂದರೆ, ಅಂದು ಶಾಲೆಯ ನೆಲದ ಮೇಲೆ ಕೂತು ನೋಡಿದ ಹತ್ತು ವರ್ಷದ ಹುಡುಗಿಗೆ ಈಗ ಅರವತ್ತು. ಸೆಟ್ಟು ಹಚ್ಚುತ್ತಿದ್ದ ಮೇಷ್ಟ್ರುಗಳಲ್ಲಿ ಎಷ್ಟೋ ಮಂದಿ ಈಗಿಲ್ಲ. ಚಿತ್ರದಲ್ಲಿ ಹಾಡುತ್ತಿರುವವರು ಯಾರು, ಊರು ಯಾವುದು, ತತ್ರಾಣಿ ಹಿಡಿದ ಅಜ್ಜ ಯಾರ ಮನೆಯವರು ಎಂದು ಹೇಳಬಲ್ಲವರು ಆ ಮೂರು ಹಳೆಯ ಜಿಲ್ಲೆಗಳಲ್ಲಿ ಮಾತ್ರ ಇದ್ದಾರೆ. ಡಿಜಿಟಲ್ ಆದ ಪ್ರತಿಯೊಂದು ತುಣುಕನ್ನೂ ಆಯಾ ಗ್ರಾಮ ಪಂಚಾಯಿತಿಯಲ್ಲಿ ತೋರಿಸಿ ಹೆಸರು ಬರೆಸಿಕೊಳ್ಳಬೇಕು. ದೆಹಲಿಯ ಕೋಣೆಯಲ್ಲಿ ಕೂತು "ಗ್ರಾಮೀಣ ದೃಶ್ಯ, ಕರ್ನಾಟಕ" ಎಂದು ಬರೆದರೆ ಅದು ಪಟ್ಟಿಯಲ್ಲ.

ಹೀಗೆ ಮಾಡಿ: ಪ್ರಸಾರ ಭಾರತಿ, ಆಕಾಶವಾಣಿ, ಇಸ್ರೊ, ಹೈದರಾಬಾದ್ ದೂರದರ್ಶನ ಕೇಂದ್ರ, ಕರ್ನಾಟಕದ ಶಿಕ್ಷಣ ಇಲಾಖೆ ಐವರಿಗೂ ಒಂದೇ ಪತ್ರ ಕಳಿಸಿ. 90 ದಿನದೊಳಗೆ ಸೈಟ್ ವರ್ಷದ ಕನ್ನಡ ಟೇಪು, ಫಿಲ್ಮು, ಧ್ವನಿ ರೀಲು, ಪ್ರಸಾರ ಪಟ್ಟಿ, ಕೈಬರಹದ ಚಿತ್ರಕಥೆ ಯಾವುದಿದ್ದರೂ ದಾಖಲಿಸಲಿ. ಅಲ್ಲಿಯವರೆಗೆ 1980ಕ್ಕೆ ಮುಂಚಿನ ಒಂದೇ ಒಂದು ಡಬ್ಬಿಯೂ ಹರಾಜಿಗೆ, ಗುಜರಿಗೆ ಹೋಗದಂತೆ ಲಿಖಿತ ತಡೆ ಕೊಡಿ. ಉಳಿದದ್ದನ್ನು ಉಳಿದಿದೆ ಎಂದು, ಅಳಿದದ್ದನ್ನು ಅಳಿದಿದೆ ಎಂದು ಕನ್ನಡದಲ್ಲಿ ಪ್ರಕಟಿಸಿ. ಒಂದೂ ಉಳಿದಿಲ್ಲ ಎಂಬ ಉತ್ತರವಾದರೂ ಸರಿ, ಸಹಿ ಹಾಕಿ ಕೊಡಿ.

ವಿನೆಗರ್ ವಾಸನೆಯ ಡಬ್ಬಿ ಸಿಕ್ಕಿದ ದಿನ ತಿಳಿಸಿದರೆ ಪರೀಕ್ಷಾ ಪಟ್ಟಿ ಹಿಡಿದು ಬರಲು ನಾವು ತಯಾರಿದ್ದೇವೆ. ಆದರೆ ಮೊದಲು ಪಟ್ಟಿ ಕೊಡಿ.

ಇಂತಿ ತಮ್ಮ ವಿಶ್ವಾಸಿಗಳು,
ಹಳೆಯ ಟೇಪು, ರೀಲುಗಳ ಕೆಲಸ ಮಾಡುವ ಕನ್ನಡಿಗರು