ಎಸ್ತೇರ್‌ಗೆ, ಸಂಡೇ ಸ್ಕೂಲ್ ತರಗತಿಯ ಬಗ್ಗೆ

ಪ್ರೀತಿಯ ಎಸ್ತೇರ್‌ಗೆ ದೊಡ್ಡಮ್ಮನ ಆಶೀರ್ವಾದಗಳು.

ಮೂರು ವರ್ಷದ ಪುಟ್ಟವರಿಂದ ಹಿಡಿದು ಹನ್ನೆರಡು ದಾಟಿದವರ ತನಕ ಎಲ್ಲರಿಗೂ ಒಂದೇ ಕೋಣೆಯಲ್ಲಿ ಪಾಠ ಮಾಡಬೇಕು, ಪುಸ್ತಕದ ಚಟುವಟಿಕೆ ಯಾರಿಗೂ ಹೊಂದುತ್ತಿಲ್ಲ ಅಂತ ಬರೆದಿದ್ದೀಯ. ಹಾಗಂತ ಒಂದೊಂದು ವಯಸ್ಸಿಗೆ ಒಂದೊಂದು ಪಾಠ ತಯಾರಿಸಲು ಹೋಗಬೇಡ, ಬೇಗ ಸುಸ್ತಾಗಿಬಿಡುತ್ತೀಯ. ಕಥೆ ಒಂದೇ ಇರಲಿ, ಮನಸ್ಸಲ್ಲಿ ಉಳಿಯಬೇಕಾದ ಮಾತೂ ಒಂದೇ ಇರಲಿ. ಕೈಗೆ ಕೊಡುವ ಕೆಲಸ ಮಾತ್ರ ಬೇರೆಯಾಗಲಿ.

ಬೈಬಲ್‌ನ ಲೂಕ 15ರಲ್ಲಿ ಯೇಸು ಹೇಳಿದ ಕಳೆದುಹೋದ ಕುರಿಯ ಕಥೆಯನ್ನೇ ತೆಗೆದುಕೋ: ನೂರು ಕುರಿಗಳಲ್ಲಿ ಒಂದು ಕಳೆದುಹೋದಾಗ ಕುರುಬ ಮಿಕ್ಕ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಿ ತರುತ್ತಾನೆ. ‘ಕುರುಬ ಹುಡುಕಿಕೊಂಡು ಹೋಗುತ್ತಾನೆ’ ಎಂದು ಮೊದಲೇ ಒಂದು ಸಾಲು ಬರೆದಿಡು. ಈ ಸಾಲಿಗೆ ಸೇರದ ಚಟುವಟಿಕೆ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡು. ಕಥೆಯನ್ನು ಐದಾರು ನಿಮಿಷದಲ್ಲಿ ಮುಗಿಸು. ಪುಟ್ಟವರು ಅದಕ್ಕಿಂತ ಹೆಚ್ಚು ಕೂರುವುದು ಕಷ್ಟ. ಆಮೇಲೆ ಗುಂಪು ಮಾಡು.

3ರಿಂದ 5 ವರ್ಷದವರಿಗೆ ಹತ್ತಿ ಅಂಟಿಸುವ ಕುರಿ ಕೊಡು. ಆಕಾರವನ್ನು ದಪ್ಪ ಕಾಗದದಲ್ಲಿ ನೀನೇ ಕತ್ತರಿಸಿಟ್ಟಿರು. ಅಂಟಿನ ಬಾಟಲಿಯನ್ನೇ ಕೈಗೆ ಕೊಟ್ಟರೆ ಕಾಗದ ನೆನೆದು ಹೋಗುತ್ತದೆ, ಹತ್ತಿ ಬೆರಳಿಗೇ ಮೆತ್ತಿಕೊಳ್ಳುತ್ತದೆ, ಮಗು ಅಳುತ್ತದೆ. ಒಂದು ಮುಚ್ಚಳದಲ್ಲಿ ಚಮಚದಷ್ಟು ಅಂಟು ಹಾಕಿ ಬ್ರಷ್ ಕೊಡು. ಅಂಟು ಕಾಗದಕ್ಕೆ ಹಚ್ಚಲಿ, ಹತ್ತಿ ಅದರ ಮೇಲೆ ಒತ್ತಲಿ. ಕಣ್ಣಿಗೆ ಮಣಿ, ಗುಂಡಿ, ಕಾಳು ಬೇಡವೇ ಬೇಡ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕ್ರೇಯಾನಿನ ಚುಕ್ಕೆ ಸಾಕು. ಅಂಟಿಸುತ್ತಿರುವಾಗಲೇ ‘ಕುರಿ ಎಲ್ಲಿ ಹೋಯ್ತು? ಯಾರು ಹುಡುಕಿದ್ರು?’ ಅಂತ ಕೇಳುತ್ತಿರು. ಕೇಳದಿದ್ದರೆ ಅದು ಬರೀ ಹತ್ತಿ ಅಂಟಿಸಿದ ಹಾಗಷ್ಟೇ ಆಗುತ್ತದೆ. ಇನ್ನೊಂದು ವಿಷಯ: ‘ನಾವೆಲ್ಲ ಕಳೆದುಹೋದ ಕುರಿಗಳು’ ಎಂದು ಇವರಿಗೆ ಹೇಳಬೇಡ. ಈ ವಯಸ್ಸಿನವರು ಮಾತನ್ನು ಇದ್ದ ಹಾಗೆಯೇ ತೆಗೆದುಕೊಳ್ಳುತ್ತಾರೆ, ನಿಜವಾಗಿ ಕಳೆದುಹೋಗುತ್ತೇನೆಂದು ಹೆದರುತ್ತಾರೆ. ‘ಯೇಸುವಿಗೆ ನಿನ್ನ ಹೆಸರು ಗೊತ್ತು’ ಎಂದರೆ ಸಾಕು.

6ರಿಂದ 8ರವರಿಗೆ ಹುಡುಕುವ ಆಟ. ಒಂದೇ ಕುರಿ ಬಚ್ಚಿಟ್ಟರೆ ಚುರುಕಾದ ಮಗುವಿಗೆ ಅದು ತಕ್ಷಣ ಸಿಕ್ಕಿಬಿಡುತ್ತದೆ, ಮಿಕ್ಕವರು ಸಪ್ಪೆಯಾಗುತ್ತಾರೆ. ತಲೆಗೊಂದು ಕಾಗದದ ಕುರಿ ಮಾಡಿ, ಹೆಸರು ಬರೆದು ಬಚ್ಚಿಡು. ಬೇರೆಯವರದು ಕಂಡರೆ ಸುಮ್ಮನೆ ಮುಂದೆ ಹೋಗಬೇಕು. ಹೊಸದಾಗಿ ಬರುವವರಿಗೆಂದು ಹೆಸರಿಲ್ಲದ ಎರಡು ಮೂರು ಕುರಿ ಕೈಯಲ್ಲಿರಲಿ. ಬಾಯಿಪಾಠಕ್ಕೆ ಕೀರ್ತನೆ 23:1. ಪುಟ್ಟವರಿಗೆ ‘ಯೆಹೋವನು ನನಗೆ ಕುರುಬನು’ ಅಷ್ಟೇ, ಇವರಿಗೆ ಪೂರ್ತಿ ವಚನ.

9ರಿಂದ 11ರವರು ಸತ್ಯವೇದ (ಬೈಬಲ್) ತೆರೆಯಲಿ. ಲೂಕ 15:4–6ನ್ನು ಎಂಟು ಹತ್ತು ಚೀಟಿಗಳಲ್ಲಿ ಬರೆದು ಕಲಸಿ ಕೊಡು, ಇಬ್ಬಿಬ್ಬರು ಸೇರಿ ಜೋಡಿಸಲಿ. ಒಬ್ಬೊಬ್ಬರನ್ನೇ ಎಬ್ಬಿಸಿ ಗಟ್ಟಿಯಾಗಿ ಓದಿಸಬೇಡ. ತಡವರಿಸಿ ಓದುವ ಮಗು ಮುಂದಿನ ವಾರ ಹೊಟ್ಟೆನೋವು ಅನ್ನುತ್ತದೆ.

ದೊಡ್ಡ ಮಕ್ಕಳ ವಿಷಯದಲ್ಲೇ ಹೆಚ್ಚು ಎಡವುವುದು. ಅವರಿಗೂ ಹತ್ತಿ ಕೊಡುತ್ತಾರೆ, ಇಲ್ಲವೇ ಪ್ರತಿ ವಾರ ಚಿಕ್ಕವರನ್ನು ನೋಡಿಕೊಳ್ಳಲು ಹಚ್ಚುತ್ತಾರೆ. ಸಹಾಯ ಮಾಡಲಿ, ಆದರೆ ಅವರಿಗೂ ಪಾಠ ಬೇಕಲ್ಲ? ಲೂಕ 15:1–2 ಓದಿ, ಆಮೇಲೆ ಮತ್ತಾಯ 18:12–14 ಓದಲಿ. ಒಂದು ಕಡೆ ಗೊಣಗುವ ಫರಿಸಾಯರು ಮತ್ತು ಶಾಸ್ತ್ರಿಗಳಿಗೆ, ಅಂದರೆ ಆ ಕಾಲದ ಯೆಹೂದಿ ಧಾರ್ಮಿಕ ಮುಖಂಡರಿಗೆ, ಹೇಳಿದ ಕಥೆ, ಇನ್ನೊಂದು ಕಡೆ ಶಿಷ್ಯರಿಗೆ ಹೇಳಿದ್ದು. ಕೇಳುವವರು ಬದಲಾದಾಗ ಒತ್ತು ಎಲ್ಲಿ ಬೀಳುತ್ತದೆ ಎಂದು ಅವರೇ ಕಂಡುಕೊಳ್ಳಲಿ. ‘ತೊಂಬತ್ತೊಂಬತ್ತನ್ನು ಬಿಟ್ಟು ಹೋದದ್ದು ಸರಿಯಾ?’ ಎಂದು ಕೇಳಿ, ಮನಸ್ಸಲ್ಲೇ ಹತ್ತು ಎಣಿಸು. ಉತ್ತರ ನೀನೇ ಹೇಳಿಬಿಟ್ಟರೆ ಮತ್ತೆ ಯಾರೂ ಬಾಯಿ ತೆರೆಯುವುದಿಲ್ಲ.

ಬೇಗ ಮುಗಿಸಿದವರಿಗೆ ಖಾಲಿ ಹಾಳೆ, ಬಣ್ಣ ಇಟ್ಟಿರು. ಕಥೆಯಲ್ಲಿ ಇಷ್ಟವಾದ ಭಾಗವನ್ನು ಬರೆಯಲಿ, ಇಲ್ಲವೇ ಚಿತ್ರ ಬಿಡಿಸಲಿ. ಮುಂದಿನ ಪಾಠ ಯಾವುದೆಂದು ತಿಳಿಸು, ಅದಕ್ಕೆ ಬೇಕಾದ್ದನ್ನು ಕೂಡಿ ಯೋಚಿಸೋಣ.

ನಿನ್ನ ದೊಡ್ಡಮ್ಮ