ನೋವಿನ ಮಾತ್ರೆ ಎಲ್ಲಾ ಒಂದೇ ಅಲ್ಲ

ಮಾನ್ಯರೇ,

ಸಕಲೇಶಪುರ, ಬೇಲೂರು ಕಡೆ ತೋಟದ ಕೆಲಸ ಮಾಡುವವರಿಗೆ ಸೊಂಟನೋವು, ಮಂಡಿನೋವು ಮಾಮೂಲು. ಒಬ್ಬರಿಗೆ ಡಾಕ್ಟರ್ ಬರೆದುಕೊಟ್ಟ ಟ್ರಮಡಾಲ್ ಮಾತ್ರೆಯನ್ನು ಪಕ್ಕದ ಮನೆಯವರೂ ನುಂಗುವುದುಂಟು. ಇದು ಮಾರ್ಫಿನ್ ಎಂಬ ಬಲವಾದ, ಚಟ ಹಿಡಿಸಬಲ್ಲ ನೋವಿನ ಮದ್ದಿನ ಗುಂಪಿಗೆ ಸೇರಿದ ಔಷಧ. 2018ರಲ್ಲೇ ಇದನ್ನು ಮಾದಕ ವಸ್ತು ಕಾಯ್ದೆಯಡಿ ತಂದಿದ್ದಾರೆ.

ಟ್ರಮಡಾಲ್ ಅಂದರೆ ಸೌಮ್ಯ ಅಂತ ಅನೇಕರ ನಂಬಿಕೆ. ಆದರೆ ಫಿಟ್ಸ್ ಇರುವವರಿಗೆ, ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಜಾಸ್ತಿ. ಇದೇ ಗುಂಪಿನ ಇನ್ನೊಂದು ಮದ್ದು ಕೊಡೀನ್ ದೇಹದೊಳಗೆ ಮಾರ್ಫಿನ್ ಆಗಿ ಬದಲಾಗುತ್ತದೆ; ಕೆಲವರಲ್ಲಿ ತೀರಾ ಬೇಗ, ಕೆಲವರಲ್ಲಿ ಬಹಳ ಕಡಿಮೆ. ಕಿಡ್ನಿ ಸರಿ ಇಲ್ಲದವರ ಮೈಯಲ್ಲಿ ಮಾರ್ಫಿನ್ ಕರಗಿ ಆಗುವ ಅಂಶಗಳು ಉಳಿದುಬಿಡುತ್ತವೆ. ಇನ್ನು ಫೆಂಟನಿಲ್ ಪ್ಯಾಚ್, ಅಂದರೆ ಇದೇ ಗುಂಪಿನ ಔಷಧವಿರುವ, ಚರ್ಮಕ್ಕೆ ಅಂಟಿಸುವ ಪಟ್ಟಿ. ಅಂಟಿಸಿದ ಜಾಗಕ್ಕೆ ಶಾಖ ಕೊಟ್ಟರೆ ಔಷಧ ಅಳತೆ ಮೀರಿ ಮೈಗೆ ಇಳಿಯುತ್ತದೆ. ನಮ್ಮಲ್ಲಿ ನೋವು ಅಂದ ಕೂಡಲೇ ಶಾಖ ಕೊಡುವುದೇ ಮೊದಲ ಮದ್ದು, ಅಲ್ವಾ! ಇವುಗಳಲ್ಲಿ ಯಾವುದರ ಜೊತೆಗೂ ಹೆಂಡವಾಗಲಿ ನಿದ್ದೆ ಮಾತ್ರೆಯಾಗಲಿ ಬೇಡ, ಉಸಿರೇ ನಿಲ್ಲಬಹುದು. ದಿನಾ ತೆಗೆದುಕೊಳ್ಳುತ್ತಿದ್ದವರು ಡಾಕ್ಟರನ್ನು ಕೇಳದೆ ಒಮ್ಮೆಲೇ ಬಿಡಲೂಬಾರದು.

ಹಾಗಂತ ಕ್ಯಾನ್ಸರ್ ನೋವಿನಲ್ಲಿ ನರಳುವವರಿಗೆ ಮಾರ್ಫಿನ್ ಕೊಡಲು ಹೆದರುವುದು ಅನ್ಯಾಯ. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದದ್ದೇ ಅದು ಸುಲಭವಾಗಿ ಸಿಗಲಿ ಅಂತ. ಹಳೆಯ ಸೊಂಟನೋವಿನ ಮಾತೇ ಬೇರೆ. ಅದಕ್ಕೆ ಮೊದಲು ವ್ಯಾಯಾಮ, ಫಿಸಿಯೋಥೆರಪಿ ನೋಡಬೇಕು.

ನಮ್ಮ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ನೋವಿನ ಚಿಕಿತ್ಸೆಗೆಂದೇ ಡಾಕ್ಟರ್ ಸಿಗಬೇಕು. ಮಾತ್ರೆ ಕೊಡುವ ಕವರಿನ ಮೇಲೆ ಎಚ್ಚರಿಕೆಯನ್ನು ಕನ್ನಡದಲ್ಲೇ ಬರೆದುಕೊಡಲಿ.

– ಓದುಗ, ಸಕಲೇಶಪುರ, ಹಾಸನ ಜಿಲ್ಲೆ